ಕೇಳುವುದೂ ಓದುವುದೂ ಒಂದೆಯೆ?
ಅಂಧರಿಗೆ ತಕ್ಕ ವಾಚನ ತಂತ್ರಾಂಶದ ಆಯ್ಕೆ

ಪರೀಕ್ಷೆಯ ಹಿಂದಿನ ರಾತ್ರಿ ವಿದ್ಯಾರ್ಥಿಯೊಬ್ಬನು ಭೌತಶಾಸ್ತ್ರದ ಪಠ್ಯಪುಸ್ತಕವನ್ನು ಕೈಗೆತ್ತಿಕೊಂಡನೆಂದು ಭಾವಿಸೋಣ. ವಕ್ರೀಭವನಾಂಕದ ವ್ಯಾಖ್ಯೆ ಅವನಿಗೆ ಮರೆತುಹೋಗಿದೆ. ಅದಕ್ಕಾಗಿ ಅವನು ಪುಸ್ತಕವನ್ನು ಮೊದಲ ಪುಟದಿಂದ ಓದಲು ತೊಡಗುವುದಿಲ್ಲ. ಹಾಳೆಗಳನ್ನು ಸರಸರನೆ ಮಗುಚುತ್ತಾನೆ. ದಪ್ಪಕ್ಷರದ ಶೀರ್ಷಿಕೆಗಳ ಮೇಲೆ ಕಣ್ಣಾಡಿಸುತ್ತಾನೆ. ಬೇಕಾದ ಪ್ರಕರಣ ಸಿಕ್ಕೊಡನೆ ನಿಲ್ಲುತ್ತಾನೆ. ವ್ಯಾಖ್ಯೆಯನ್ನು ಎರಡು ಬಾರಿ ಓದಿ, ಕಠಿನವಾದ ಪದದ ಕಾಗುಣಿತವನ್ನು ಅಕ್ಷರ ಅಕ್ಷರವಾಗಿ ನೋಡಿಕೊಂಡು, ಪಕ್ಕದ ಸಮೀಕರಣಕ್ಕೆ ಒಂದು ಗುರುತು ಹಾಕಿ ಪುಸ್ತಕವನ್ನು ಮುಚ್ಚುತ್ತಾನೆ. ಎಲ್ಲ ಸೇರಿ ಎರಡು ಮೂರು ನಿಮಿಷಗಳ ಕೆಲಸ. ಇಷ್ಟು ಬಗೆಯ ಕ್ರಿಯೆಗಳನ್ನೂ ನಾವು ‘ಓದುವುದು’ ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ.

ಅದೇ ತರಗತಿಯಲ್ಲಿ ದೃಷ್ಟಿಯಿಲ್ಲದ ವಿದ್ಯಾರ್ಥಿನಿಯೊಬ್ಬಳು ಇರುವಳೆಂದೂ, ಅದೇ ರಾತ್ರಿ ಅದೇ ವ್ಯಾಖ್ಯೆ ಅವಳಿಗೂ ಬೇಕಾಗಿದೆಯೆಂದೂ ಭಾವಿಸೋಣ. ಮನೆಯವರೊಬ್ಬರು ಪುಸ್ತಕವನ್ನು ಅವಳಿಗೆ ಓದಿಹೇಳಬಹುದು. ಇಲ್ಲವೆ ಯಾರೋ ಓದಿ ಧ್ವನಿಮುದ್ರಿಸಿದ ಪಾಠವನ್ನು ಅವಳು ಕೇಳಬಹುದು. ವಿಷಯವೇನೋ ಮನಸ್ಸಿಗೆ ಸೇರುವುದು ನಿಜ. ಆದರೆ ಹಾಳೆ ಮಗುಚುವ ಕೈ ಅವಳದಲ್ಲ. ‘ಸ್ವಲ್ಪ ಹಿಂದಕ್ಕೆ ಹೋಗಿ’, ‘ಆ ಪದದಲ್ಲಿ ಬರುವುದು ಶಕಾರವೋ ಷಕಾರವೋ?’, ‘ಮುಂದಿನ ಶೀರ್ಷಿಕೆ ಏನು?’ ಎಂದು ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕೇಳಬೇಕು. ಓದುವವರಿಗೆ ನಿದ್ರೆ ಬಂದರೆ ಅವಳ ಅಭ್ಯಾಸವೂ ಅಲ್ಲಿಗೆ ನಿಂತಿತು.

ಗಣಕಯಂತ್ರವೂ ಇ-ಪುಸ್ತಕವೂ ಬಂದಮೇಲೆ ಈ ಪರಾಧೀನತೆ ತಪ್ಪಬೇಕಾಗಿತ್ತು. ಅನೇಕರ ಪಾಲಿಗೆ ತಪ್ಪಿಯೂ ಇದೆ. ಆದರೆ ‘ನಮ್ಮ ತಂತ್ರಾಂಶ ಪುಸ್ತಕವನ್ನು ಗಟ್ಟಿಯಾಗಿ ಓದುತ್ತದೆ’ ಎಂದು ಹೇಳಿಕೊಳ್ಳುವ ಎಲ್ಲ ತಂತ್ರಾಂಶಗಳೂ ಈ ಉಪಕಾರವನ್ನು ಮಾಡುವುದಿಲ್ಲ. ಕೆಲವು, ಓದಿಹೇಳುವ ಮನುಷ್ಯನ ಸ್ಥಾನದಲ್ಲಿ ಓದಿಹೇಳುವ ಯಂತ್ರವನ್ನು ತಂದು ಕೂರಿಸುತ್ತವೆ, ಅಷ್ಟೆ. ಹಾಗಾದರೆ ಅಂಧ ವಿದ್ಯಾರ್ಥಿಗೆ ತಕ್ಕ ವಾಚನ ತಂತ್ರಾಂಶವನ್ನು ಆರಿಸುವುದು ಹೇಗೆ? ಈ ಪ್ರಶ್ನೆಯನ್ನು ಇಲ್ಲಿ ವಿಚಾರಮಾಡೋಣ.

ಬೆರಳಿನಿಂದ ಕಿವಿಗೆ

ಫ್ರಾನ್ಸಿನ ಲೂಯಿ ಬ್ರೈಲ್ (ಜನನ 1809) ಎಳೆವಯಸ್ಸಿನಲ್ಲೆ ಕಣ್ಣು ಕಳೆದುಕೊಂಡವನು. ಅವನು 1829ರಲ್ಲಿ ಪ್ರಕಟಿಸಿದ ಲಿಪಿಯಲ್ಲಿ ಪ್ರತಿ ಅಕ್ಷರಕ್ಕೂ ಆರು ಚುಕ್ಕೆಗಳ ಒಂದು ಮನೆ. ಯಾವ ಚುಕ್ಕೆ ಉಬ್ಬಿದೆ, ಯಾವುದು ಉಬ್ಬಿಲ್ಲ ಎಂಬ ಭೇದದಿಂದ, ಖಾಲಿ ಮನೆಯನ್ನು ಬಿಟ್ಟು, 63 ಗುರುತುಗಳು ದೊರೆಯುತ್ತವೆ. ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ಅಂಗೀಕೃತವಾಯಿತು. ಕನ್ನಡದ ಬ್ರೈಲ್ ಪುಸ್ತಕಗಳು ಅದನ್ನೇ ಅನುಸರಿಸುತ್ತವೆ. ಬ್ರೈಲಿನಲ್ಲಿ ಓದುವವನ ಬೆರಳೇ ಅವನ ಕಣ್ಣು. ತನಗೆ ಬೇಕಾದಲ್ಲಿ ನಿಲ್ಲಬಹುದು, ಹಿಂದಿರುಗಬಹುದು. ಆದರೆ ಉಬ್ಬು ಚುಕ್ಕೆಗಳು ಬಹಳ ಸ್ಥಳವನ್ನು ನುಂಗುವುದರಿಂದ ಒಂದು ಪಠ್ಯಪುಸ್ತಕವು ಹಲವು ದಪ್ಪ ಸಂಪುಟಗಳಾಗಿ ಬೆಳೆಯುತ್ತದೆ.

1934ರಲ್ಲಿ ಅಮೆರಿಕದಲ್ಲಿ ಗ್ರಾಮಫೋನ್ ತಟ್ಟೆಗಳ ‘ಮಾತನಾಡುವ ಪುಸ್ತಕ’ಗಳು ಬಂದುವು. ಇವು ಬ್ರೈಲ್ ಕಲಿಯದವರಿಗೂ ಪುಸ್ತಕವನ್ನು ತಲಪಿಸಿದುವು. ಆದರೆ ಹಿಂದೆ ಹೇಳಿದ ಲಗಾಮು ಮಾತ್ರ ಓದುಗನ ಕೈತಪ್ಪಿತು. ಇಂದು ಗಣಕಯಂತ್ರದಿಂದ ನಾವು ಅಪೇಕ್ಷಿಸುವುದು ಈ ಎರಡರ ಗುಣಗಳನ್ನೂ: ಮಾತನಾಡುವ ಪುಸ್ತಕದ ಸುಲಭತೆ, ಬ್ರೈಲ್ ಪುಸ್ತಕದ ಸ್ವಾತಂತ್ರ್ಯ.

ಪರದೆವಾಚಕವು ಪರದೆಯನ್ನು ನೋಡುವುದಿಲ್ಲ

ಅಂಧರು ಗಣಕಯಂತ್ರವನ್ನು ಬಳಸುವುದು ‘ಸ್ಕ್ರೀನ್ ರೀಡರ್’ ಅಥವಾ ಪರದೆವಾಚಕ ಎಂಬ ತಂತ್ರಾಂಶದ ನೆರವಿನಿಂದ. ಕೀಲಿಮಣೆಯ ಒಂದೊಂದು ಒತ್ತಿಗೂ, ಪರದೆಯ ಮೇಲೆ ಏನಿದೆ, ಏನು ಬದಲಾಯಿತು ಎಂಬುದನ್ನು ಅದು ಮಾತಿನಲ್ಲಿ ತಿಳಿಸುತ್ತದೆ. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಅಮೆರಿಕದ ಟೆಡ್ ಹೆಂಟರ್ ಎಂಬವರು 1989ರಲ್ಲಿ ಹೊರತಂದ ‘ಜಾಸ್’ ಈ ವರ್ಗದಲ್ಲಿ ಬಹುಕಾಲದಿಂದ ಪ್ರಸಿದ್ಧವಾಗಿದೆ. ಅದನ್ನು ಹಣ ಕೊಟ್ಟು ಕೊಳ್ಳಬೇಕು. ಆಸ್ಟ್ರೇಲಿಯದ ಮೈಕೇಲ್ ಕರನ್ 2006ರಲ್ಲಿ ಪ್ರಾರಂಭಿಸಿ, ಜೇಮ್ಸ್ ಟೇ ಅವರೊಡಗೂಡಿ ಬೆಳೆಸಿದ ‘ಎನ್‌ವಿಡಿಎ’ಯನ್ನು ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದು. ಇವರಿಬ್ಬರೂ ಅಂಧರೇ ಎಂಬುದು ಗಮನಾರ್ಹ; ತಮಗೆ ಬೇಕಾದ ಉಪಕರಣವನ್ನು ತಾವೇ ನಿರ್ಮಿಸಿಕೊಂಡರು.

ಹೆಸರನ್ನು ಕೇಳಿದೊಡನೆ, ಪರದೆವಾಚಕವು ಯಾವುದೋ ಕೃತಕ ಕಣ್ಣಿನಿಂದ ಪರದೆಯನ್ನು ನೋಡಿ ಓದುತ್ತಿರಬೇಕೆಂದು ನಮಗೆ ತೋರುವುದು ಸಹಜ. ವಾಸ್ತವದಲ್ಲಿ ಬಹುಮಟ್ಟಿಗೆ ಹಾಗಲ್ಲ. ಅದು ಪ್ರಶ್ನೆ ಕೇಳುತ್ತದೆ. ‘ಈಗ ನಿನ್ನಲ್ಲಿ ಆಯ್ಕೆಯಾಗಿರುವ ವಸ್ತು ಯಾವುದು? ಅದರ ಹೆಸರೇನು? ಅದು ಗುಂಡಿಯೋ, ಪಟ್ಟಿಯೋ, ಶೀರ್ಷಿಕೆಯೋ? ಅದರ ಈಗಿನ ಸ್ಥಿತಿ ಏನು?’ ಎಂದು ಓಡುತ್ತಿರುವ ತಂತ್ರಾಂಶವನ್ನು ವಿಚಾರಿಸುತ್ತದೆ. ಈ ಪ್ರಶ್ನೋತ್ತರಕ್ಕೆ ಒಂದು ಗೊತ್ತಾದ ಕ್ರಮ ಬೇಕಷ್ಟೆ. ವಿಂಡೋಸ್ ವ್ಯವಸ್ಥೆಯಲ್ಲಿ ಮೈಕ್ರೋಸಾಫ್ಟ್ ಅಂಥ ಕ್ರಮವನ್ನು 1997ರಲ್ಲಿ ಒದಗಿಸಿತು, ಮುಂದೆ ಅದನ್ನು ವಿಸ್ತರಿಸಿತು. ಉತ್ತರ ಕೊಡಲು ಬಲ್ಲ ತಂತ್ರಾಂಶವು ಅಂಧರಿಗೆ ತೆರೆದ ಬಾಗಿಲು. ಬರಿಯ ಬಣ್ಣದ ಚಿತ್ರವನ್ನು ಪರದೆಯ ಮೇಲೆ ಬರೆದು, ಕೇಳಿದ ಪ್ರಶ್ನೆಗೆ ಮೌನವಾಗಿರುವ ತಂತ್ರಾಂಶವು, ನೋಡಲು ಎಷ್ಟೇ ಅಂದವಾಗಿದ್ದರೂ, ಅಂಧರಿಗೆ ಗೋಡೆ.

ಇದರಿಂದ ಒಂದು ಮುಖ್ಯ ಭೇದ ತಿಳಿದುಬರುತ್ತದೆ. ವಾಚನ ತಂತ್ರಾಂಶದಲ್ಲೇ ಅಡಕವಾಗಿರುವ ‘ಗಟ್ಟಿಯಾಗಿ ಓದು’ ಎಂಬ ಸೌಲಭ್ಯ ಬೇರೆ. ಪರದೆವಾಚಕದೊಡನೆ ಹೊಂದಿಕೊಂಡು ನಡೆಯುವ ಶಕ್ತಿ ಬೇರೆ. ಮೊದಲನೆಯದು ಸಾಮಾನ್ಯವಾಗಿ ಪಠ್ಯವನ್ನು ಒಂದೇ ಧಾರೆಯಲ್ಲಿ ಓದುತ್ತ ಹೋಗುತ್ತದೆ. ಎರಡನೆಯದರಲ್ಲಿ ಓದುಗನು ಬಾಣದ ಕೀಲಿಗಳಿಂದ ಸಾಲು ಸಾಲಾಗಿ, ಪದ ಪದವಾಗಿ, ಅಕ್ಷರ ಅಕ್ಷರವಾಗಿ ತಾನೇ ಚಲಿಸಬಲ್ಲನು.

ಈ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ 2009ರ ಒಂದು ಪ್ರಸಂಗ ಸಾಕ್ಷಿ. ಆ ವರ್ಷ ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳು ಪಠ್ಯಪುಸ್ತಕಗಳಿಗಾಗಿ ‘ಕಿಂಡಲ್ ಡಿಎಕ್ಸ್’ ಎಂಬ ಓದುವ ಸಾಧನವನ್ನು ಪ್ರಯೋಗಿಸಲು ಹೊರಟುವು. ಆ ಸಾಧನ ಪುಸ್ತಕವನ್ನು ಗಟ್ಟಿಯಾಗಿ ಓದಬಲ್ಲುದಾಗಿತ್ತು. ಆದರೆ ಅದರ ಆಯ್ಕೆಪಟ್ಟಿಗಳಿಗೆ ಮಾತಿರಲಿಲ್ಲ. ಎಂದರೆ ಪುಸ್ತಕ ಮಾತನಾಡುತ್ತದೆ, ಆದರೆ ಅದನ್ನು ಹುಡುಕಿ ತೆರೆದು ಓದಿಗೆ ಹಚ್ಚಲು ಕಣ್ಣಿದ್ದವರೇ ಬೇಕು! ಅಂಧರ ಎರಡು ರಾಷ್ಟ್ರೀಯ ಸಂಘಗಳೂ ಒಬ್ಬ ವಿದ್ಯಾರ್ಥಿಯೂ ಅರಿಜೋನ ರಾಜ್ಯ ವಿಶ್ವವಿದ್ಯಾನಿಲಯದ ವಿರುದ್ಧ ನ್ಯಾಯಾಲಯಕ್ಕೆ ಹೋದರು. 2010ರ ಜನವರಿಯಲ್ಲಿ ರಾಜಿಯಾಯಿತು. ಅದೇ ವರ್ಷ ಬಂದ ಮುಂದಿನ ಕಿಂಡಲ್ ಮಾದರಿಯಲ್ಲಿ ಆಯ್ಕೆಪಟ್ಟಿಗಳಿಗೂ ಧ್ವನಿ ಬಂದಿತು.

ಅಕ್ಷರವೋ, ಅಕ್ಷರದ ಚಿತ್ರವೋ?

ತಂತ್ರಾಂಶ ಎಷ್ಟೇ ಉತ್ತಮವಾಗಿರಲಿ, ಪುಸ್ತಕದ ಕಡತವೇ ಸರಿಯಾಗಿಲ್ಲದಿದ್ದರೆ ಪ್ರಯೋಜನವಿಲ್ಲ. ಗಣಕಯಂತ್ರಕ್ಕೆ ಅಕ್ಷರವೆಂದರೆ ಆಕಾರವಲ್ಲ, ಒಂದು ಸಂಖ್ಯೆ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿಕೊಟ್ಟಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರ ವರೆಗಿನ 128 ಸ್ಥಾನಗಳು ಮೀಸಲಾಗಿವೆ. ‘ಕ’ ಎಂಬುದರ ಸಂಖ್ಯೆ 3221, ‘ದ’ ಎಂಬುದರದು 3238, ‘ಧ’ ಎಂಬುದರದು 3239. ಪರದೆವಾಚಕವು ಈ ಸಂಖ್ಯೆಗಳನ್ನು ಧ್ವನಿಸಂಶ್ಲೇಷಕಕ್ಕೆ ಒಪ್ಪಿಸುತ್ತದೆ. ಅದು ಅವನ್ನು ಉಚ್ಚರಿಸುತ್ತದೆ. ಬೇಕಾದರೆ ಅದೇ ಸಂಖ್ಯೆಗಳು ಬ್ರೈಲ್ ಫಲಕಕ್ಕೂ ಹೋಗಬಹುದು. ಆಗ ಚಿಕ್ಕ ಚಿಕ್ಕ ಮೊಳೆಗಳು ಮೇಲೆದ್ದು ಚುಕ್ಕೆಗಳಾಗಿ ಬೆರಳಿಗೆ ಸಿಕ್ಕುತ್ತವೆ.

ಪುಟಗಳ ಛಾಯಾಚಿತ್ರ ತೆಗೆದು ಮಾಡಿದ ಪಿಡಿಎಫ್ ಕಡತದಲ್ಲಿ ಈ ಸಂಖ್ಯೆಗಳಿರುವುದಿಲ್ಲ. ಅಲ್ಲಿರುವುದು ಕಪ್ಪು ಬಿಳುಪಿನ ಚುಕ್ಕೆಗಳು ಮಾತ್ರ. ಕಣ್ಣಿಗೆ ಅದು ಪುಸ್ತಕ. ಪರದೆವಾಚಕಕ್ಕೆ ಖಾಲಿ ಹಾಳೆ. ಇಂಥ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳುಂಟು. ಎಲ್ಲರಿಗೂ ಉಚಿತವಾಗಿ ದೊರೆಯುವ ‘ಟೆಸೆರಾಕ್ಟ್’ ಕನ್ನಡವನ್ನೂ ಬಲ್ಲುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡಕ್ಕೆಂದೇ ‘ಲಿಪಿ ಜ್ಞಾನಿ’ ಎಂಬುದು ಸಿದ್ಧವಾಗಿದೆ. ಆದರೆ ನಮ್ಮ ಲಿಪಿಯಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ಅಂತರ ಒಂದು ಸಣ್ಣ ಸೀಳು ಮಾತ್ರ. ಮುದ್ರಣ ಮಸುಕಾಗಿದ್ದರೆ ‘ಧನ’ವು ‘ದನ’ವಾಗುವುದು ಕ್ಷಣದ ಕೆಲಸ. ಆದ್ದರಿಂದ ಹೀಗೆ ಪಡೆದ ಪಠ್ಯವನ್ನು ಕಣ್ಣಿದ್ದವರೊಬ್ಬರು ಮೂಲದೊಡನೆ ಹೋಲಿಸಿ ತಿದ್ದಿಕೊಡುವುದು ಲೇಸು.

ಕನ್ನಡಕ್ಕೆ ಮತ್ತೊಂದು ವಿಶೇಷ ತೊಡಕಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು, ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಸೇರಿದ ಸ್ಥಾನಗಳಲ್ಲಿ ಕನ್ನಡದ ಆಕಾರದ ತುಣುಕುಗಳನ್ನು ಕೂರಿಸಿದ ಫಾಂಟುಗಳು ನಮ್ಮಲ್ಲಿ ಹರಡಿದುವು. ಅವು ಆ ಕಾಲದಲ್ಲಿ ಕನ್ನಡ ಮುದ್ರಣಕ್ಕೆ ಮಹೋಪಕಾರ ಮಾಡಿದುವು. ಆದರೆ ಅಂಥ ಒಂದು ಪ್ರಸಿದ್ಧ ಕ್ರಮದಲ್ಲಿ ಕಕಾರದ ಒಡಲು ಇಂಗ್ಲಿಷಿನ ‘ಪಿ’ ಅಕ್ಷರದ ಸ್ಥಾನದಲ್ಲಿದೆ; ನಕಾರದ ಒಡಲು ಪೌಂಡ್ ನಾಣ್ಯದ ಚಿಹ್ನೆಯ ಸ್ಥಾನದಲ್ಲಿದೆ; ತಲೆಕಟ್ಟಿಗೆ ಬೇರೆಯೇ ಸ್ಥಾನ. ‘ಸೂರ್ಯ’ ಎಂದು ಬರೆದರೆ ಅರ್ಕಾವತ್ತು, ಕಣ್ಣಿಗೆ ಕಾಣುವಂತೆ, ಯಕಾರದ ಅನಂತರ ಶೇಖರವಾಗುತ್ತದೆ. ಪರದೆಯ ಮೇಲೆ ‘ಕನ್ನಡ’ ಎಂದು ಸ್ವಚ್ಛವಾಗಿ ಕಂಡರೂ ಪರದೆವಾಚಕವು ‘ಪಿ, ಪೌಂಡ್...’ ಎಂದು ಅಸಂಬದ್ಧವಾಗಿ ಪ್ರಲಾಪಿಸುತ್ತದೆ. ಯೂನಿಕೋಡಿನಲ್ಲಾದರೆ ಸಂಖ್ಯೆಗಳು ಉಚ್ಚಾರಣೆಯ ಕ್ರಮದಲ್ಲೇ ನಿಲ್ಲುತ್ತವೆ: ಸಕಾರ, ಊಕಾರದ ಗುರುತು, ರೇಫ, ಹಲಂತ, ಯಕಾರ. ‘ಸ್ತ್ರೀ’ ಎಂಬ ಒಂದೇ ಸಂಯುಕ್ತಾಕ್ಷರದಲ್ಲಿ ಹೀಗೆ ಆರು ಸಂಖ್ಯೆಗಳಿವೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಈಗ ದೊರೆಯುತ್ತವೆ. ಆದಕಾರಣ ಕನ್ನಡ ಪುಸ್ತಕ ಓದದಿದ್ದರೆ ವಾಚನ ತಂತ್ರಾಂಶವನ್ನು ದೂರುವ ಮೊದಲು ಕಡತದ ಕುಲವನ್ನು ವಿಚಾರಿಸಬೇಕು.

ಪುಸ್ತಕದ ಅಸ್ಥಿಪಂಜರ

ಅಕ್ಷರಗಳಿದ್ದರೆ ಮಾತ್ರ ಸಾಲದು. ಪುಸ್ತಕಕ್ಕೆ ಅಸ್ಥಿಪಂಜರವೂ ಬೇಕು. ದಪ್ಪಕ್ಷರದ ಸಾಲನ್ನು ಕಂಡು ‘ಇದು ಶೀರ್ಷಿಕೆ’ ಎಂದು ಕಣ್ಣು ಊಹಿಸುತ್ತದೆ. ಕಿವಿಗೆ ದಪ್ಪಕ್ಷರವೂ ಇಲ್ಲ, ಸಣ್ಣಕ್ಷರವೂ ಇಲ್ಲ. ಆದ್ದರಿಂದ ‘ಇದು ಅಧ್ಯಾಯದ ಶೀರ್ಷಿಕೆ, ಇದು ಉಪಶೀರ್ಷಿಕೆ, ಇಲ್ಲಿ ಕೋಷ್ಟಕ ಪ್ರಾರಂಭವಾಗುತ್ತದೆ, ಅಚ್ಚಿನ ಪುಸ್ತಕದ 112ನೆಯ ಪುಟ ಇಲ್ಲಿಂದ’ ಎಂಬ ಗುರುತುಗಳು ಕಡತದೊಳಗೇ ಬರೆದಿರಬೇಕು.

ಈ ಉದ್ದೇಶದಿಂದಲೇ ಹಲವು ದೇಶಗಳ ಅಂಧರ ಗ್ರಂಥಾಲಯಗಳು 1996ರಲ್ಲಿ ‘ಡೈಸಿ’ ಒಕ್ಕೂಟವನ್ನು ಸ್ಥಾಪಿಸಿ, ಧ್ವನಿಯನ್ನೂ ಪಠ್ಯವನ್ನೂ ಶೀರ್ಷಿಕೆಗಳೊಡನೆ ಹೆಣೆಯುವ ಪುಸ್ತಕಕ್ರಮವನ್ನು ರೂಪಿಸಿದುವು. ಅದರ ಸಾರವು ಮುಂದೆ ಎಲ್ಲರ ಪುಸ್ತಕಕ್ರಮವಾದ ‘ಇಪಬ್’ಗೆ ಇಳಿದುಬಂದಿತು, 2011ರ ಇಪಬ್ ಮೂರನೆಯ ಆವೃತ್ತಿಯಲ್ಲಿ ಈ ಸಂಬಂಧ ಸ್ಪಷ್ಟವಾಗಿ ಕಾಣುತ್ತದೆ. ಕುತೂಹಲವುಳ್ಳ ವಿದ್ಯಾರ್ಥಿಗಳು ಬೀಗವಿಲ್ಲದ ಒಂದು ಇಪಬ್ ಕಡತದ ನಕಲನ್ನು ತೆಗೆದುಕೊಂಡು, ಅದರ ಹೆಸರಿನ ಕೊನೆಯಲ್ಲಿರುವ ‘ಇಪಬ್’ ಎಂಬುದನ್ನು ‘ಜಿಪ್’ ಎಂದು ಬದಲಾಯಿಸಿ ಬಿಚ್ಚಿ ನೋಡಬಹುದು. ಒಳಗೆ ಸಿಕ್ಕುವುದು ಜಾಲಪುಟಗಳಂಥವೇ ಕಡತಗಳು. ಒಂದೊಂದು ಶೀರ್ಷಿಕೆಗೂ ಅದರ ಅಂತಸ್ತನ್ನು ತಿಳಿಸುವ ಗುರುತು. ಪಿಡಿಎಫ್‌ನಲ್ಲಿಯೂ 2001ರಿಂದ ಇಂಥ ಗುರುತುಗಳನ್ನು ಸೇರಿಸಲು ಅವಕಾಶವಿದೆ. ಆದರೆ ಸೇರಿಸದೆ ಬಿಟ್ಟ ಕಡತಗಳೇ ಬಹಳ. ಅಂಥ ಕಡತದಲ್ಲಿ ಎರಡು ಅಂಕಣಗಳಿದ್ದರೆ ಎಡಗಡೆಯ ಅರ್ಧ ವಾಕ್ಯಕ್ಕೆ ಬಲಗಡೆಯ ಅರ್ಧ ವಾಕ್ಯ ಅಂಟಿಕೊಂಡು ಅನರ್ಥವಾಗುವುದೂ ಉಂಟು.

ಆರು ಪರೀಕ್ಷೆಗಳು

ಇಷ್ಟನ್ನು ತಿಳಿದಮೇಲೆ ವಾಚನ ತಂತ್ರಾಂಶವನ್ನು ಪರೀಕ್ಷಿಸುವುದು ಕಷ್ಟವಲ್ಲ. ಚೆನ್ನಾಗಿ ಸಿದ್ಧಪಡಿಸಿದ, ಯೂನಿಕೋಡಿನಲ್ಲಿರುವ ಒಂದು ಪುಸ್ತಕವನ್ನು ಆರಿಸಿಕೊಂಡು, ಪರದೆವಾಚಕವನ್ನು ಹಚ್ಚಿ, ಮೌಸನ್ನು ಪಕ್ಕಕ್ಕೆ ಸರಿಸಿ, ಈ ಆರು ಕೆಲಸಗಳನ್ನು ಮಾಡಿ ನೋಡಬೇಕು.

ಒಂದನೆಯದು: ತಂತ್ರಾಂಶವನ್ನು ತೆರೆದು, ಪುಸ್ತಕವನ್ನು ಅದರ ಕಪಾಟಿಗೆ ಸೇರಿಸಿ, ಓದಲು ತೊಡಗುವವರೆಗಿನ ಎಲ್ಲವೂ ಕೀಲಿಮಣೆಯಿಂದಲೇ ಆಗುತ್ತದೆಯೆ? ಗುಂಡಿಗಳಿಗೆಲ್ಲ ಹೆಸರಿದೆಯೆ, ಅಥವಾ ‘ಗುಂಡಿ, ಗುಂಡಿ, ಗುಂಡಿ’ ಎಂದಷ್ಟೇ ಕೇಳಿಸುತ್ತದೆಯೆ? 2009ರ ಪ್ರಸಂಗದ ಪಾಠವಿದು.

ಎರಡನೆಯದು: ನಿಲ್ಲಿಸಿದ ಸ್ಥಳದಲ್ಲಿ ಸಾಲು, ಪದ, ಅಕ್ಷರಗಳಾಗಿ ಚಲಿಸಬಹುದೆ? ಕನ್ನಡಕ್ಕೆ ಇದು ಬಹು ಮುಖ್ಯ. ನಮ್ಮಲ್ಲಿ ಅನೇಕರ ಉಚ್ಚಾರಣೆಯಲ್ಲಿ ಶಕಾರ ಷಕಾರಗಳ ಭೇದ ಅಳಿದಿದೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ವೇಗದ ಓದಿನಲ್ಲಿ ಮಸುಕಾಗುತ್ತದೆ. ಬರಿಯ ಕಿವಿಯಿಂದ ಕಲಿತವನಿಗೆ ವಿಷಯ ಬಂದರೂ ಕಾಗುಣಿತ ಬಾರದು. ಅಕ್ಷರ ಅಕ್ಷರವಾಗಿ ಬಿಡಿಸಿ ನೋಡುವ ಅವಕಾಶವಿಲ್ಲದ ತಂತ್ರಾಂಶವು ಶ್ರೋತೃವನ್ನು ಸೃಷ್ಟಿಸಬಹುದು, ಓದುಬರೆಹ ಬಲ್ಲವನನ್ನು ಸೃಷ್ಟಿಸಲಾರದು.

ಮೂರನೆಯದು: ಪರಿವಿಡಿಯಿಂದ ಅಧ್ಯಾಯಕ್ಕೆ, ಶೀರ್ಷಿಕೆಯಿಂದ ಶೀರ್ಷಿಕೆಗೆ, ಅಚ್ಚಿನ ಪುಟದ ಸಂಖ್ಯೆಗೆ ಹೋಗಬಹುದೆ? ‘112ನೆಯ ಪುಟವನ್ನು ತೆರೆಯಿರಿ’ ಎಂದು ಉಪಾಧ್ಯಾಯರು ಹೇಳಿದಾಗ ತರಗತಿಯ ಉಳಿದವರೊಡನೆ ತಾನೂ ಅಲ್ಲಿಗೆ ತಲಪುವುದು ಸಣ್ಣ ವಿಷಯವಲ್ಲ.

ನಾಲ್ಕನೆಯದು: ಪದವೊಂದನ್ನು ಹುಡುಕಿದಾಗ, ಸಿಕ್ಕ ಸ್ಥಳಕ್ಕೆ ಓದು ನಿಜವಾಗಿಯೂ ಜಿಗಿಯುತ್ತದೆಯೆ? ಗುರುತು ಹಾಕಿ, ಟಿಪ್ಪಣಿ ಬರೆದು, ಮರುದಿನ ಬಂದು ಅದೇ ಸ್ಥಳದಲ್ಲಿ ಓದನ್ನು ಮುಂದುವರಿಸಬಹುದೆ?

ಐದನೆಯದು: ಕನ್ನಡ ಮತ್ತು ಇಂಗ್ಲಿಷ್ ಬೆರೆತ ಪಾಠವನ್ನು ತಕ್ಕ ಧ್ವನಿಗಳಲ್ಲಿ ಓದುತ್ತದೆಯೆ? ಕನ್ನಡ ಬಾರದ ಇಂಗ್ಲಿಷ್ ಧ್ವನಿಯು ಕನ್ನಡ ಅಕ್ಷರ ಬಂದಲ್ಲಿ ಸುಮ್ಮನೆ ದಾಟಿಹೋಗುವುದುಂಟು. ಎನ್‌ವಿಡಿಎ ಜೊತೆಯಲ್ಲೇ ಬರುವ ‘ಇಸ್ಪೀಕ್’ ಎಂಬ ಸಂಶ್ಲೇಷಕಕ್ಕೆ ಕನ್ನಡ ತಿಳಿದಿದೆ. ಅದರ ದನಿ ಯಾಂತ್ರಿಕ. ಮೊದಲ ದಿನ ಕರ್ಕಶವೆನಿಸುತ್ತದೆ. ಆದರೆ ಸಾಧಾರಣ ಮಾತಿನ ಎರಡು ಪಟ್ಟು ವೇಗಕ್ಕೆ ಏರಿಸಿದರೂ ಪದಗಳು ಕಲಸಿಹೋಗುವುದಿಲ್ಲವಾದ್ದರಿಂದ ಅನುಭವಿಗಳು ಇಂಥ ದನಿಯನ್ನೇ ಮೆಚ್ಚುವುದುಂಟು. ಕಥೆ ಕಾದಂಬರಿಗಳಿಗೆ ಇಂಪಾದ ದನಿ ಬೇಕೆನ್ನುವವರು ಬೇರೆ ಧ್ವನಿಯನ್ನು ಜೋಡಿಸಿಕೊಳ್ಳಬಹುದು.

ಆರನೆಯದು: ಸಮೀಕರಣಗಳನ್ನು ಅರ್ಥವಾಗುವಂತೆ ಓದುತ್ತದೆಯೆ? ‘ಆರು ಕೂಡಿಸು ನಾಲ್ಕು ಭಾಗಿಸು ಎರಡು’ ಎಂದು ಕೇಳಿಸಿತೆನ್ನಿ. ಮೊದಲ ಎರಡನ್ನು ಕೂಡಿಸಿ ಭಾಗಿಸಿದರೆ ಉತ್ತರ 5. ಕೊನೆಯ ಎರಡನ್ನು ಭಾಗಿಸಿ ಕೂಡಿಸಿದರೆ ಉತ್ತರ 8. ಭಿನ್ನರಾಶಿಯ ಗೆರೆ ಎಲ್ಲಿಂದ ಎಲ್ಲಿಯವರೆಗೆ ಇದೆಯೆಂಬುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕಾಣದು. ಇದಕ್ಕಾಗಿ ಸಮೀಕರಣವನ್ನು ಚಿತ್ರವಾಗಿ ಅಂಟಿಸದೆ ‘ಮ್ಯಾಥ್ ಎಂಎಲ್’ ಎಂಬ ಗುರುತುಕ್ರಮದಲ್ಲಿ ಬರೆದಿರಬೇಕು. ಆಗ ‘ಮ್ಯಾಥ್‌ಕ್ಯಾಟ್’ನಂಥ ಸಹಾಯಕ ತಂತ್ರಾಂಶವು ‘ಭಿನ್ನರಾಶಿ ಪ್ರಾರಂಭ, ಭಿನ್ನರಾಶಿ ಮುಕ್ತಾಯ’ ಎಂಬರ್ಥದ ಮಾತುಗಳಿಂದ ಎಲ್ಲೆಗಳನ್ನು ತಿಳಿಸಬಲ್ಲುದು.

ಆಯ್ಕೆ

ಹಾಗಾದರೆ ಯಾವುದನ್ನು ಆರಿಸಬೇಕು? ಎಲ್ಲ ಪುಸ್ತಕಗಳಿಗೂ ಒಂದೇ ಮದ್ದು ಇಲ್ಲ. ಪುಸ್ತಕದ ಕ್ರಮವನ್ನು ನೋಡಿ ತಂತ್ರಾಂಶವನ್ನು ಗೊತ್ತುಮಾಡಬೇಕು. ಇಪಬ್ ಮತ್ತು ಡೈಸಿ ಪುಸ್ತಕಗಳಿಗೆ, ಪ್ಯಾರಿಸಿನ ಇಡಿಆರ್‌ಲ್ಯಾಬ್ ಸಂಸ್ಥೆಯು ಹೊರತಂದಿರುವ ‘ಥೋರಿಯಮ್ ರೀಡರ್’ ಒಳ್ಳೆಯ ಆರಂಭ. ಅದು ಉಚಿತ, ಪರದೆವಾಚಕಗಳೊಡನೆ ಹೊಂದಿಕೊಳ್ಳಬೇಕೆಂಬ ಉದ್ದೇಶವನ್ನು ಮೊದಲಿನಿಂದಲೇ ಇಟ್ಟುಕೊಂಡು ನಿರ್ಮಿತವಾದದ್ದು, ಪರಿವಿಡಿ, ಪುಟಸಂಖ್ಯೆ, ಹುಡುಕಾಟ, ಗುರುತು ಎಲ್ಲವೂ ಕೀಲಿಮಣೆಗೆ ಎಟಕುತ್ತವೆ. ವಿಂಡೋಸ್ ಗಣಕದಲ್ಲಿ ಎನ್‌ವಿಡಿಎ ಜೊತೆಗೂಡಿದರೆ, ಒಂದು ರೂಪಾಯಿಯ ವೆಚ್ಚವೂ ಇಲ್ಲದೆ ವಿದ್ಯಾರ್ಥಿಗೆ ಒಂದು ಪೂರ್ಣ ವಾಚನಾಲಯ ಸಿದ್ಧವಾಗುತ್ತದೆ. ಉಪಾಧ್ಯಾಯರ ಟಿಪ್ಪಣಿಗಳು ವರ್ಡ್ ಕಡತಗಳಾಗಿದ್ದರೆ, ಶೀರ್ಷಿಕೆಗಳನ್ನು ಕ್ರಮವಾಗಿ ಗುರುತಿಸಿರುವ ಪಕ್ಷದಲ್ಲಿ, ಅವನ್ನು ವರ್ಡ್ ತಂತ್ರಾಂಶದಲ್ಲೇ ಸೊಗಸಾಗಿ ಓದಬಹುದು. ಪಿಡಿಎಫ್ ಒಂದೇ ಗತಿಯಾದರೆ, ಒಳಗೆ ಗುರುತುಗಳಿವೆಯೆ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಅದೇ ಪುಸ್ತಕವನ್ನು ಬೇರೆ ರೂಪದಲ್ಲಿ ಕೇಳಿ ಪಡೆಯುವುದು ಉತ್ತಮ.

ಕೊಂಡ ಪುಸ್ತಕಗಳಲ್ಲಿ ಬೀಗದ ಪ್ರಶ್ನೆ ಬರುತ್ತದೆ. ಕಳ್ಳಪ್ರತಿಗಳನ್ನು ತಡೆಯಲೆಂದು ಮಾರಾಟಗಾರರು ಕಡತಕ್ಕೆ ಹಾಕುವ ಬೀಗದಿಂದಾಗಿ, ಒಂದು ಅಂಗಡಿಯಲ್ಲಿ ಕೊಂಡ ಪುಸ್ತಕ ಆ ಅಂಗಡಿಯ ತಂತ್ರಾಂಶದಲ್ಲಿ ಮಾತ್ರ ತೆರೆಯುವುದುಂಟು. ಕಿಂಡಲ್ ಪುಸ್ತಕ ಥೋರಿಯಮ್‌ನಲ್ಲಿ ತೆರೆಯುವುದಿಲ್ಲ. ಆದ್ದರಿಂದ ಹಣ ಕೊಡುವ ಮೊದಲೇ ಆ ಅಂಗಡಿಯ ಒಂದು ಉಚಿತ ಪುಸ್ತಕದಿಂದ ಮೇಲಿನ ಆರು ಪರೀಕ್ಷೆಗಳನ್ನು ನಡೆಸುವುದು ಜಾಣತನ.

ಕಾನೂನೂ ಈ ವಿಷಯದಲ್ಲಿ ಓದುಗನ ಕಡೆಗಿದೆ. ಭಾರತದ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಅಂಗವಿಕಲರ ಸ್ವಂತ ಉಪಯೋಗ, ವಿದ್ಯಾಭ್ಯಾಸ, ಸಂಶೋಧನೆಗಳಿಗಾಗಿ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರುವುದು ಅಪರಾಧವಲ್ಲ. ಇದೇ ಆಶಯದ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಮೊರಾಕೊ ದೇಶದ ಮರಾಕೇಶ್ ನಗರದಲ್ಲಿ ಅಂಗೀಕೃತವಾಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ. 2016ರ ಆಗಸ್ಟಿನಲ್ಲಿ ಪ್ರಾರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಜಾಲಗ್ರಂಥಾಲಯವು, ಅಚ್ಚಿನ ಪುಸ್ತಕ ಓದಲಾರದ ಸದಸ್ಯರಿಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ಒದಗಿಸುತ್ತಿದೆ.

ಕಣ್ಣಿದ್ದವರ ಪಾಲು

ಈ ಲೇಖನವನ್ನು ಓದುವವರಲ್ಲಿ ಕಣ್ಣಿದ್ದವರೂ ಇರುವರಷ್ಟೆ. ಅವರಿಗೆ ಇದರಲ್ಲಿ ಏನು ಕೆಲಸ? ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ಎನ್‌ವಿಡಿಎಯನ್ನು ನಿಮ್ಮ ಗಣಕದಲ್ಲಿ ಅಳವಡಿಸಿರಿ. ಅದರಲ್ಲಿ ಪರದೆಯನ್ನು ಪೂರ್ತಿ ಕಪ್ಪಾಗಿಸುವ ‘ಪರದೆ ತೆರೆ’ಯ ಸೌಲಭ್ಯವಿದೆ, ಇಲ್ಲವೆ ಪರದೆಯ ಮೇಲೆ ಒಂದು ಟವಲನ್ನು ಹೊದಿಸಿದರೂ ಆದೀತು. ಈಗ ಒಂದು ಪಠ್ಯಪುಸ್ತಕವನ್ನು ತೆರೆದು, ಮೂರನೆಯ ಅಧ್ಯಾಯದ ಎರಡನೆಯ ಉಪಶೀರ್ಷಿಕೆಯನ್ನು ಕಂಡುಹಿಡಿದು, ಅದರಡಿಯ ಮೊದಲ ವಾಕ್ಯದ ಒಂದು ಪದದ ಕಾಗುಣಿತವನ್ನು ತಿಳಿಯಲು ಪ್ರಯತ್ನಿಸಿರಿ. ಮೊದಲು ಗುರುತುಗಳಿಲ್ಲದ ಪಿಡಿಎಫ್‌ನಲ್ಲಿ, ಅನಂತರ ಒಳ್ಳೆಯ ಇಪಬ್‌ನಲ್ಲಿ. ಎರಡಕ್ಕೂ ಹಿಡಿದ ಕಾಲವನ್ನು ಗಡಿಯಾರದಲ್ಲಿ ನೋಡಿಕೊಳ್ಳಿರಿ. ನಾವು ಇಷ್ಟು ಹೊತ್ತು ವಿವರಿಸಿದ್ದು ಆ ಎರಡು ಅಂಕಿಗಳಲ್ಲೇ ತಿಳಿಯುವುದು.

ಪ್ರಯೋಗ ಮುಗಿದಮೇಲೆ, ಸಹಪಾಠಿಗೆ ಟಿಪ್ಪಣಿ ಕಳುಹಿಸುವಾಗ ಪುಟದ ಛಾಯಾಚಿತ್ರವನ್ನು ಕಳುಹಿಸುವ ಬದಲು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ, ಶೀರ್ಷಿಕೆಗಳನ್ನು ಶೀರ್ಷಿಕೆಗಳೆಂದೇ ಗುರುತಿಸಿ, ಚಿತ್ರಗಳಿಗೆ ಎರಡು ಸಾಲಿನ ವಿವರಣೆ ಸೇರಿಸಿ ಕಳುಹಿಸಲು ಯಾರೂ ನಿಮಗೆ ಉಪದೇಶಿಸಬೇಕಾಗದು. ಇದಕ್ಕೆ ಹಿಡಿಯುವುದು ಸ್ವಲ್ಪ ಹೆಚ್ಚಿನ ಹೊತ್ತು, ಅಷ್ಟೆ.

ಕೇಳುವ ಸುಖವನ್ನು ನಾವು ಹಳಿಯುತ್ತಿಲ್ಲ. ಕಥೆಯನ್ನು ಕೇಳಿ ಬೆಳೆದ ನಾಡು ನಮ್ಮದು. ಆದರೆ ಪಾಠವನ್ನು ಅಭ್ಯಾಸಮಾಡುವವನಿಗೆ ನಿಲ್ಲುವ, ಹಿಂದಿರುಗುವ, ಹುಡುಕುವ, ಸಂದೇಹಪಡುವ ಅಧಿಕಾರವೂ ಬೇಕು. ಆ ಅಧಿಕಾರವನ್ನು ಓದುಗನ ಬೆರಳುಗಳಿಗೆ ಒಪ್ಪಿಸುವ ತಂತ್ರಾಂಶವನ್ನು ಆರಿಸಿರಿ. ಆಗ ಪರೀಕ್ಷೆಯ ಹಿಂದಿನ ರಾತ್ರಿ, ಮನೆಯವರೆಲ್ಲ ಮಲಗಿದಮೇಲೂ, ದೀಪವಿಲ್ಲದ ಕೋಣೆಯಲ್ಲಿ ಆ ವಿದ್ಯಾರ್ಥಿನಿ ವಕ್ರೀಭವನಾಂಕದ ವ್ಯಾಖ್ಯೆಯನ್ನು ತಾನೇ ಹುಡುಕಿ, ತಾನೇ ಎರಡು ಬಾರಿ ಓದಿ, ತಾನೇ ಗುರುತು ಹಾಕಿ ಪುಸ್ತಕವನ್ನು ಮುಚ್ಚಬಲ್ಲಳು.